ಪೆಟ್ರಾದ ಕಣಿವೆಯಲ್ಲಿ ನಾವು ಯಾರ ಅತಿಥಿಗಳು?

ಜೋರ್ಡಾನ್‌ಗೆ ಝಿಯಾರತ್ ಹೋಗುವ ನಮ್ಮೂರಿನ ತಂಡಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಅಮ್ಮಾನ್ ಬಳಿಯ ಅಸ್‌ಹಾಬುಲ್ ಕಹ್ಫ್‌ನ ಗುಹೆ, ಮುಅ್ತದ ಶುಹದಾಗಳ ಮಖ್ಬರ, ಮೃತ ಸಮುದ್ರ. ಕೊನೆಗೆ ಸಮಯ ಉಳಿದರೆ ಪೆಟ್ರಾ. ಕೆಲವು ವರ್ಷಗಳ ಹಿಂದೆ ಉಮ್ರಾಕ್ಕೆ ಮುಂಚೆ ಆ ದಾರಿ ಹಿಡಿದ ನಮ್ಮ ತಂಡದ ಕಾಗದದಲ್ಲೂ ‘ಪೆಟ್ರಾ - 2 ಗಂಟೆ’ ಎಂದೇ ಬರೆದಿತ್ತು.

ತಂಡದಲ್ಲಿ ಇಪ್ಪತ್ತಾರು ಮಂದಿ. ಹೆಚ್ಚಿನವರು ಅರವತ್ತು ದಾಟಿದವರು. ಮದ್ರಸದಲ್ಲಿ ಅರಬಿ ಕಲಿಸುವವರು ಎಂಬ ಕಾರಣಕ್ಕೆ ಮಾತಾಡುವ ಜವಾಬ್ದಾರಿ ನಮ್ಮ ತಲೆಗೆ ಬಂತು. ವಾದಿ ಮೂಸಾ ಪೇಟೆಯಲ್ಲಿ ನಮಗೆ ದಾರಿ ತೋರಿಸಲು ಬಂದವರು ಐವತ್ತರ ಆಸುಪಾಸಿನ ಒಬ್ಬ ಬದವಿ. ಕೆಂಪು ಚೌಕಡಿಯ ಶಿಮಾಗ್ ಸುತ್ತಿಕೊಂಡಿದ್ದರು. ನಮ್ಮ ಕಾಗದ ನೋಡಿ ನಕ್ಕರು. “ಯಾ ಶೈಖ್, ಗೇಟಿನಿಂದ ಖಝ್ನೆಗೆ ಹೋಗುವಾಗಲೇ ಎರಡು ಕಿಲೋಮೀಟರ್. ಈ ಹಾಜಿಗಳು ನಡೆದು ಹೋಗಿ ಬರುವಾಗ ನಿಮ್ಮ ಎರಡು ಗಂಟೆ ಮುಗಿಯುತ್ತದೆ. ಟಿಕೆಟಿಗೆ 50 ದಿನಾರ್ ಕೊಟ್ಟು ನೀವು ಎಂತ ನೋಡಿದ ಹಾಗಾಯಿತು?” ಎಂದರು. ಐವತ್ತು ದಿನಾರ್ ಎಂದರೆ ಆಗ ನಮ್ಮ ಐದಾರು ಸಾವಿರ ರೂಪಾಯಿ. ಮಾತು ಸರಿ ಎನಿಸಿತು. ಬಸ್ಸಿನಲ್ಲೇ ಮಶೂರ ಮಾಡಿ, ಅಮ್ಮಾನ್‌ನ ಶಾಪಿಂಗ್ ದಿನವನ್ನು ಕೈಬಿಟ್ಟು, ಪೆಟ್ರಾಕ್ಕೆ ಒಂದು ಪೂರ್ತಿ ದಿನ, ವಾದಿ ರಮ್‌ಗೆ ಒಂದು ರಾತ್ರಿ ಎಂದು ತೀರ್ಮಾನಿಸಿದೆವು. ಆ ಎರಡು ದಿನಗಳಲ್ಲಿ ಕಂಡದ್ದು, ಕಲಿತದ್ದು ಇಲ್ಲಿ ಹೇಳುತ್ತಿದ್ದೇವೆ. ಮುಂದೆ ಹೋಗುವವರಿಗೆ ಉಪಯೋಗವಾದೀತು.

ಬಂಡೆಯ ನಡುವಿನ ದಾರಿ

ಪೆಟ್ರಾದ ಒಳಗೆ ಹೋಗುವ ಕಣಿವೆಯ ಹೆಸರು ‘ಸೀಕ್’. ಉದ್ದ ಸುಮಾರು 1.2 ಕಿಲೋಮೀಟರ್. ಎರಡೂ ಬದಿಯಲ್ಲಿ ಎತ್ತರದ ಕೆಂಪು ಬಂಡೆ, ಕೆಲವು ಕಡೆ ದಾರಿಯ ಅಗಲ ಮೂರೇ ಮೀಟರ್. ತಲೆಯೆತ್ತಿದರೆ ಆಕಾಶ ಒಂದು ರಿಬ್ಬನ್ನಿನ ಹಾಗೆ ಕಾಣುತ್ತದೆ. ದಾರಿ ಮುಗಿಯುವಲ್ಲಿ ಬಂಡೆಯಲ್ಲೇ ಕೊರೆದ ಖಝ್ನೆ ಒಮ್ಮೆಲೇ ಎದುರಾಗುತ್ತದೆ. ಎತ್ತರ ಸುಮಾರು 40 ಮೀಟರ್. ಖಝ್ನೆ ಎಂದರೆ ಖಜಾನೆ. ಮೇಲಿನ ಕಲ್ಲಿನ ಕೊಡದಲ್ಲಿ ನಿಧಿ ಇದೆ ಎಂದು ನಂಬಿ ಹಿಂದೆ ಜನ ಅದಕ್ಕೆ ಗುಂಡು ಹಾರಿಸುತ್ತಿದ್ದರಂತೆ. ಗುರುತು ಇನ್ನೂ ಇದೆ. ಕೊಡ ಮಾತ್ರ ಗಟ್ಟಿ ಕಲ್ಲು, ಒಳಗೆ ಏನೂ ಇಲ್ಲ. ಇದು ಒಬ್ಬ ರಾಜನ ಸಮಾಧಿಯಾಗಿರಬೇಕು ಎಂಬುದು ವಿದ್ವಾಂಸರ ಅಭಿಪ್ರಾಯ.

ಇದನ್ನೆಲ್ಲ ಕಟ್ಟಿದವರು ನಬಾತಿಗಳು. ಸುಗಂಧ ಧೂಪ ಮತ್ತು ಸಾಂಬಾರ ಪದಾರ್ಥಗಳ ಒಂಟೆ ವ್ಯಾಪಾರದಿಂದ ಬೆಳೆದ ಅರಬ್ ಜನಾಂಗ. ಕ್ರಿ.ಶ. 106ರಲ್ಲಿ ರೋಮನ್ನರು ಅವರ ರಾಜ್ಯವನ್ನು ಸೇರಿಸಿಕೊಂಡರು. 363ರ ಭೂಕಂಪದಲ್ಲಿ ಊರು ಬಹಳ ಹಾಳಾಯಿತು. ನಮಗೆ ಹೆಚ್ಚು ಮನಸ್ಸಿಗೆ ತಾಗಿದ ಸಂಗತಿ ಬೇರೆ. ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವ ಅಲಿಫ್, ಬಾ ಇದೆಯಲ್ಲ, ಆ ಅರಬಿ ಲಿಪಿ ನಬಾತಿ ಬರಹದಿಂದಲೇ ಬೆಳೆದು ಬಂದದ್ದು ಎಂದು ಬಲ್ಲವರು ಹೇಳುತ್ತಾರೆ. ಪ್ರತಿದಿನ ಬೋರ್ಡಿನ ಮೇಲೆ ಬರೆಯುವ ಅಕ್ಷರದ ಹಿರಿಯರ ಊರಿನಲ್ಲಿ ನಿಂತಿದ್ದೇವೆ ಎಂದಾಗ ಮೈ ಜುಂ ಎಂದಿತು.

ಸೀಕ್‌ನ ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಒಂದು ಕಾಲುವೆ ಕೊರೆದಿದ್ದಾರೆ. ಇನ್ನೊಂದು ಬದಿ ಮಣ್ಣಿನ ಕೊಳವೆಗಳು. ಕುಡಿಯುವ ನೀರು ಊರೊಳಗೆ ಬರಲು ಈ ವ್ಯವಸ್ಥೆ. ಮಳೆಯ ನೆರೆ ಸೀಕ್‌ಗೆ ನುಗ್ಗದ ಹಾಗೆ ಬಾಯಲ್ಲೇ ಒಂದು ಕಟ್ಟೆ ಕಟ್ಟಿ, ಬಂಡೆಯಲ್ಲಿ ಸುರಂಗ ಕೊರೆದು ನೀರನ್ನು ಬೇರೆ ಕಡೆ ತಿರುಗಿಸಿದ್ದರು. ಕಾಲಾಂತರದಲ್ಲಿ ಆ ಕಟ್ಟೆ ಹಾಳಾಯಿತು. 1963ರ ಎಪ್ರಿಲ್‌ನಲ್ಲಿ ದೂರದ ಬೆಟ್ಟದಲ್ಲಿ ಸುರಿದ ಮಳೆಯ ನೀರು ಸೀಕ್‌ಗೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗಳು ತೀರಿಕೊಂಡರು. ಅದರ ನಂತರವೇ ಹಳೆಯ ನಬಾತಿ ಕಟ್ಟೆಯ ಜಾಗದಲ್ಲಿ ಮತ್ತೆ ಕಟ್ಟೆ ಎದ್ದದ್ದು. 2018ರ ನವೆಂಬರ್‌ನಲ್ಲಿ ನೆರೆ ಬಂದಾಗ 3,700ಕ್ಕೂ ಹೆಚ್ಚು ಪ್ರವಾಸಿಗಳನ್ನು ಪೆಟ್ರಾದಿಂದ ಹೊರಗೆ ಕಳಿಸಬೇಕಾಯಿತು. “ಇಲ್ಲಿ ಮಳೆ ಬಾರದಿದ್ದರೂ ನೀರು ಬರುತ್ತದೆ” ಎಂದರು ನಮ್ಮ ಗೈಡ್. ನೇತ್ರಾವತಿಯ ದಡದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇದು ಸಮೂದರ ಊರಾ?

ಒಳಗೆ ಹೋಗುತ್ತಿದ್ದಂತೆ ತಂಡದಲ್ಲಿ ಗುಸುಗುಸು ಶುರುವಾಯಿತು. “ಉಸ್ತಾದೇ, ಇದು ಸ್ವಾಲಿಹ್ ನಬಿಯ ಜನರ ಊರಲ್ವಾ? ಶಿಕ್ಷೆ ಇಳಿದ ಜಾಗಕ್ಕೆ ಹೀಗೆ ನೋಡ್ಲಿಕ್ಕೆ ಬರಬಹುದಾ?” ಪ್ರಶ್ನೆ ನ್ಯಾಯವಾದದ್ದೇ. ತಬೂಕ್‌ಗೆ ಹೋಗುವಾಗ ಹಿಜ್ರ್ ಎಂಬಲ್ಲಿ ಪ್ರವಾದಿ(ಸ)ಯವರು ಸ್ವಹಾಬಿಗಳನ್ನು ಎಚ್ಚರಿಸಿದ ಹದೀಸನ್ನು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಆ ಹಿಜ್ರ್ ಇರುವುದು ಸೌದಿಯ ಅಲ್ ಉಲಾ ಬಳಿ, ಮದಾಇನ್ ಸ್ವಾಲಿಹ್ ಎಂದು ಕರೆಯುವ ಜಾಗ. ಅಲ್ಲಿ ಈಗ ಕಾಣುವ ಕೊರೆದ ಸಮಾಧಿಗಳು ನಬಾತಿಗಳವು, ಪೆಟ್ರಾದವೂ ಅವರದ್ದೇ. ಆದ್ದರಿಂದ ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ ಇವೆ, ಜನರಿಗೆ ಗೊಂದಲವಾಗುತ್ತದೆ. ಪೆಟ್ರಾ ಆ ಹಿಜ್ರ್ ಅಲ್ಲ ಎಂದು ವಿವರಿಸಿದ ಮೇಲೆ ಹಿರಿಯರ ಮನಸ್ಸು ಹಗುರವಾಯಿತು. ಹಾಗಂತ ಇಷ್ಟು ದೊಡ್ಡ ಊರು ಖಾಲಿಯಾದದ್ದನ್ನು ನೋಡಿ ಪಾಠ ಕಲಿಯಬಾರದೆಂದೇನಿಲ್ಲ.

ದೂರದ ಬೆಟ್ಟದ ತುದಿಯಲ್ಲಿ ಒಂದು ಬಿಳಿ ಗುಮ್ಮಟ ಕಾಣಿಸಿತು. ಜಬಲ್ ಹಾರೂನ್. ಹಾರೂನ್ ನಬಿ(ಅ)ಯವರ ಮಖಾಮ್ ಎಂದು ಅಲ್ಲಿಯವರು ಗೌರವಿಸುವ ಜಾಗ. ಹತ್ತಿ ಇಳಿಯಲು ಗಂಟೆಗಟ್ಟಲೆ ಬೇಕು, ನಮ್ಮ ಹಿರಿಯರಿಂದ ಆಗದ ಕೆಲಸ. ಕೆಳಗಿನಿಂದಲೇ ಸಲಾಂ ಹೇಳಿದೆವು.

ಒಂದು ಜೊತೆ ಹಳೆಯ ಲಾಳ

ಆ ಗುಮ್ಮಟವನ್ನು ತೋರಿಸುತ್ತಾ ಗೈಡ್ ಒಂದು ಕತೆ ಹೇಳಿದರು. 1812ರಲ್ಲಿ ಸ್ವಿಟ್ಝರ್ಲ್ಯಾಂಡ್‌ನ ಬರ್ಕ್‌ಹಾರ್ಟ್ ಎಂಬಾತ ಹಲಬ್‌ನಲ್ಲಿ ಅರಬಿ ಕಲಿತು, ಮುಸ್ಲಿಂ ವೇಷದಲ್ಲಿ ಶೈಖ್ ಇಬ್ರಾಹೀಂ ಎಂಬ ಹೆಸರಿಟ್ಟುಕೊಂಡು ಈ ದಾರಿಯಲ್ಲಿ ಬಂದರು. ಹಾರೂನ್ ನಬಿಯ ಹೆಸರಲ್ಲಿ ಆಡು ಕೊಯ್ಯುವ ಹರಕೆ ಇದೆ ಎಂದು ನೆಪ ಹೇಳಿ, ಈಗಿನ ವಾದಿ ಮೂಸಾದಲ್ಲಿ ಒಬ್ಬರನ್ನು ದಾರಿ ತೋರಿಸಲು ಕರೆದುಕೊಂಡರು. ಆ ಮನುಷ್ಯ ಆಡನ್ನು ಹೊತ್ತುಕೊಂಡು ಸೀಕ್‌ನ ಒಳಗಿನಿಂದ ಖಝ್ನೆಯ ಎದುರೇ ಕರೆದೊಯ್ದರು. ‘ಪೆಟ್ರಾವನ್ನು ಕಂಡುಹಿಡಿದವರು’ ಎಂದು ಇವತ್ತಿಗೂ ಪುಸ್ತಕಗಳಲ್ಲಿ ಬರುವುದು ಬರ್ಕ್‌ಹಾರ್ಟ್ ಹೆಸರು. ದಾರಿ ತೋರಿಸಿದವರಿಗೆ ಸಿಕ್ಕಿದ ಕೂಲಿ ಒಂದು ಜೊತೆ ಹಳೆಯ ಕುದುರೆ ಲಾಳ. ಅದನ್ನು ಬರ್ಕ್‌ಹಾರ್ಟ್ ಅವರೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ.

“ನಾವು ಕಳೆದುಹೋಗಿರಲಿಲ್ಲ. ಇಲ್ಲೇ ಇದ್ದೆವು” ಎಂದು ಗೈಡ್ ನಕ್ಕರು. ಆ ನಗು ನಮಗೆ ಎರಡು ದಿನ ಮರೆಯಲಿಲ್ಲ.

ಗುಹೆಯ ಮನೆ, ಸಿಮೆಂಟಿನ ಮನೆ

ಮಧ್ಯಾಹ್ನ ನಮಾಝ್ ಮುಗಿಸಿ ನೆರಳಿನಲ್ಲಿ ಕೂತಾಗ ಅವರು ಎದುರಿನ ಬಂಡೆಯ ಒಂದು ಗುಹೆ ತೋರಿಸಿದರು. ಬಾಗಿಲಿನ ಮೇಲೆ ಇನ್ನೂ ಹೊಗೆಯ ಕಪ್ಪು ಇತ್ತು. “ಅಲ್ಲಿ ನಾನು ಹುಟ್ಟಿದ್ದು. ಚಳಿಗಾಲಕ್ಕೆ ಗುಹೆ, ಬೇಸಿಗೆಗೆ ಆಡಿನ ಕೂದಲಿನ ಡೇರೆ.” ಅವರು ಬುದೂಲ್ ಎಂಬ ಬದವಿ ಪಂಗಡದವರು. ತಲೆಮಾರುಗಳಿಂದ ಪೆಟ್ರಾದ ಗುಹೆಗಳಲ್ಲಿ ವಾಸವಿದ್ದ ಜನ. 1985ರಲ್ಲಿ ಸರಕಾರ ಅವರನ್ನು ಪಕ್ಕದ ಗುಡ್ಡದ ಉಮ್ಮು ಸೈಹೂನ್ ಎಂಬ ಹೊಸ ಊರಿಗೆ ಸ್ಥಳಾಂತರಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪೆಟ್ರಾ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ತಂಡದಲ್ಲಿ ಕಾಟಿಪಳ್ಳದ ಹಾಜಿಯೊಬ್ಬರು ಇದ್ದರು. ಇಷ್ಟರವರೆಗೆ ಮಂಡಿನೋವು ಎಂದು ಮಾತೇ ಆಡದವರು ಈಗ ನೆಟ್ಟಗೆ ಕೂತರು. ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಜಾಗ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಬ್ಲಾಕ್ ಲೆಕ್ಕದಲ್ಲಿ ಜಾಗ ಕೊಟ್ಟದ್ದು ನಮ್ಮ ಓದುಗರಿಗೆ ಗೊತ್ತು. ಹಾಜಿಯವರದು ಅಂಥ ಒಂದು ಮನೆ. “ಉಸ್ತಾದೇ, ಅವರಲ್ಲಿ ಕೇಳಿ. ಹೊಸ ಮನೆ ಒಳ್ಳೇದಾ, ಹಳೇದು ಒಳ್ಳೇದಾ?”

ನಾವು ಕೇಳಿದೆವು. ಗೈಡ್ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: “ಹೊಸ ಮನೆಯಲ್ಲಿ ಕರೆಂಟ್ ಉಂಟು, ನೀರು ಉಂಟು, ಮಕ್ಕಳಿಗೆ ಶಾಲೆ ಹತ್ತಿರ. ನನ್ನ ಹೆಂಡತಿ ಗುಹೆಗೆ ವಾಪಸ್ ಬಾ ಎಂದರೆ ಬರುವುದಿಲ್ಲ. ಆದರೆ ಅಲ್ಲಿ ಮನೆಗಳು ಒತ್ತೊತ್ತಾಗಿವೆ. ಮಕ್ಕಳು ದೊಡ್ಡವರಾದರು, ಅವರಿಗೆ ಮನೆ ಕಟ್ಟಲು ಜಾಗ ಎಲ್ಲಿ? ನನ್ನ ಉಮ್ಮ ಸಾಯುವ ತನಕ ಕಿಟಕಿಯಿಂದ ಈ ಗುಹೆಯನ್ನೇ ನೋಡುತ್ತಿದ್ದರು.”

ಹಾಜಿಯವರಿಗೆ ನಾವು ಅನುವಾದಿಸಿ ಹೇಳಿದೆವು. ಅವರು ತಲೆಯಾಡಿಸಿ, “ನಮ್ಮ ಉಮ್ಮ ಕೂಡ ಹಾಗೇ. ಕೊನೆಯವರೆಗೂ ‘ನಮ್ಮ ಊರು’ ಅಂದ್ರೆ ಸಮುದ್ರದ ಬದಿಯದ್ದೇ” ಎಂದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆಮೇಲೆ ದಿನವಿಡೀ ಗೈಡ್ ಹಾಜಿಯವರ ಕೈ ಹಿಡಿದುಕೊಂಡೇ ನಡೆದರು.

ಇನ್ನೊಂದು ವಿಷಯ ಗಮನಿಸಬೇಕು. ಕಲ್ಲಿಗೆ ಪರಂಪರೆಯ ಪಟ್ಟ ಸಿಕ್ಕ ವರ್ಷ ಜನ ಹೊರಗೆ ಬಂದರು. ಇಪ್ಪತ್ತು ವರ್ಷ ಕಳೆದು 2005ರಲ್ಲಿ ಅದೇ ಯುನೆಸ್ಕೋ ಪೆಟ್ರಾ ಮತ್ತು ವಾದಿ ರಮ್‌ನ ಬದವಿಗಳ ಬದುಕನ್ನೂ ಮಾನವಕುಲದ ಪರಂಪರೆ ಎಂದು ಘೋಷಿಸಿತು. ಅವರ ಬಾಯ್ದೆರೆಯ ಕಾವ್ಯ, ಡೇರೆ ನೇಯುವ ವಿದ್ಯೆ, ಒಂಟೆ ಸಾಕುವ ತಿಳುವಳಿಕೆ, ಗಿಡಮೂಲಿಕೆಯ ಔಷಧ ಎಲ್ಲ ಅದರಲ್ಲಿದೆ. ಇಲ್ಲಿನ ಪಂಗಡಗಳು ನಬಾತಿಗಳು ಕೊರೆದ ನೀರಿನ ತೊಟ್ಟಿಗಳನ್ನು ಬಳಸುತ್ತಾ ಬಂದಿದ್ದಾರೆ. ನಾವು ಸತ್ತವರ ಸಮಾಧಿ ನೋಡಲು ಟಿಕೆಟ್ ತೆಗೆದು, ಬದುಕಿರುವವರನ್ನು ನೋಡದೆ ವಾಪಸ್ ಬಂದರೆ ಯಾರಿಗೆ ನಷ್ಟ?

ಪೋಸ್ಟ್‌ಕಾರ್ಡ್ ಮಾರುವ ಹುಡುಗ

ಖಝ್ನೆ ದಾಟಿ ಮುಂದೆ ಹೋದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ನಮ್ಮನ್ನು ಹಿಡಿದುಕೊಂಡ. ಕೈಯಲ್ಲಿ ಪೋಸ್ಟ್‌ಕಾರ್ಡ್, ಮಣಿಸರ. “ವಾಹಿದ್ ದಿನಾರ್! ವಾಹಿದ್ ದಿನಾರ್!” ನಮ್ಮ ಮದ್ರಸದ ನಾಲ್ಕನೇ ತರಗತಿಯ ಮಕ್ಕಳ ಪ್ರಾಯ. ಹಾಜಿಯವರ ಹೆಂಡತಿ, ನಾವೆಲ್ಲ ಹಜ್ಜುಮ್ಮ ಎಂದು ಕರೆಯುತ್ತಿದ್ದವರು, ಕನಿಕರದಿಂದ ಪರ್ಸ್ ತೆಗೆದರು. ಗೈಡ್ ತಡೆದರು. “ಹಾಜ್ಜಾ, ಕೊಡಬೇಡಿ. ಇವತ್ತು ಮಂಗಳವಾರ. ಶಾಲೆ ಉಂಟು.”

ಮಕ್ಕಳಿಂದ ಏನೂ ಖರೀದಿಸಬೇಡಿ ಎಂದು ಪೆಟ್ರಾದಲ್ಲಿ ಬೋರ್ಡೇ ಹಾಕಿದ್ದಾರೆ. ಪ್ರವಾಸಿಗಳು ಮುದ್ದು ಮುಖ ನೋಡಿ ದೊಡ್ಡವರಿಗಿಂತ ಮಕ್ಕಳಿಗೇ ಬೇಗ ಹಣ ಕೊಡುತ್ತಾರೆ. ಒಂದು ದಿನಾರ್ ಸಿಕ್ಕಿದರೆ ನಾಳೆಯೂ ಮಗು ಇಲ್ಲೇ. ನಮ್ಮ ಕನಿಕರವೇ ಅವನನ್ನು ಕ್ಲಾಸಿನಿಂದ ಹೊರಗೆ ಎಳೆಯುತ್ತದೆ.

ಹಜ್ಜುಮ್ಮ ಬಿಡಲಿಲ್ಲ. “ಅವನ ಉಮ್ಮ ಎಲ್ಲಿದ್ದಾಳೆ ಕೇಳಿ ಉಸ್ತಾದೇ.” ಉಮ್ಮ ಮೇಲೆ ಚಹಾದ ಅಂಗಡಿ ಇಟ್ಟಿದ್ದಾರೆ ಎಂದ ಹುಡುಗ. ಹಾಗಾದರೆ ಅಲ್ಲೇ ಹೋಗುವ ಎಂದು ಇಪ್ಪತ್ತಾರು ಮಂದಿಯೂ ಹೋಗಿ ಸೇಜ್ ಎಲೆ ಹಾಕಿದ ಸಿಹಿ ಚಹಾ ಕುಡಿದು, ಮಣಿಸರವನ್ನೂ ಆ ತಾಯಿಯ ಕೈಯಿಂದಲೇ ಕೊಂಡೆವು. ಮಗ ಶಾಲೆಗೆ ಹೋಗುತ್ತಾನಾ ಎಂದು ಕೇಳಿದ್ದಕ್ಕೆ ಆಕೆ ಮುಚ್ಚುಮರೆ ಇಲ್ಲದೆ ಹೇಳಿದರು: “ಪ್ರವಾಸಿಗಳು ಜಾಸ್ತಿ ಇರುವ ದಿನ ಇಲ್ಲಿ, ಇಲ್ಲದ ದಿನ ಶಾಲೆಯಲ್ಲಿ.”

ನಮಗೆ ಅವರನ್ನು ದೂರುವ ಬಾಯಿ ಬರಲಿಲ್ಲ. ಮದುವೆ ಸೀಸನ್‌ನಲ್ಲಿ ಕ್ಯಾಟರಿಂಗ್ ಕೆಲಸಕ್ಕೆ, ಮೀನಿನ ಸೀಸನ್‌ನಲ್ಲಿ ದಕ್ಕೆಗೆ ಹೋಗಿ ಮದ್ರಸ ತಪ್ಪಿಸುವ ಮಕ್ಕಳ ಹಾಜರಿ ಪುಸ್ತಕ ನಮ್ಮ ಕೈಯಲ್ಲೇ ಇದೆಯಲ್ಲ.

ಅಲ್ಲಿ ನಮ್ಮಿಂದ ಒಂದು ತಪ್ಪೂ ಆಯಿತು. ತಂಡದ ಒಬ್ಬ ಹುಡುಗ ಕೇಳದೆಯೇ ಆ ತಾಯಿಯ ವೀಡಿಯೊ ತೆಗೆದ. ಆಕೆ ಮುಖ ಮುಚ್ಚಿಕೊಂಡರು. ಗೈಡ್ ಏನೂ ಹೇಳಲಿಲ್ಲ, ಮುಖ ಮಾತ್ರ ಕಪ್ಪಿಟ್ಟಿತು. “ನಿನ್ನ ಉಮ್ಮನನ್ನು ಊರಿನಲ್ಲಿ ಹೀಗೆ ಯಾರಾದರೂ ತೆಗೆದರೆ?” ಎಂದು ಕೇಳಿ ಎದುರಿನಲ್ಲೇ ಅಳಿಸಿ ಹಾಕಿಸಿದೆವು. ಹೆಣ್ಣುಮಕ್ಕಳಿರಲಿ ಗಂಡಸರಿರಲಿ, ಕೇಳದೆ ಫೋಟೋ ಬೇಡ. ಇದು ಎಲ್ಲಿಗೆ ಹೋದರೂ ನೆನಪಿರಬೇಕಾದ ಅದಬ್.

ವಾದಿ ರಮ್‌ನ ರಾತ್ರಿ

ಮರುದಿನ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ದಕ್ಷಿಣಕ್ಕೆ ಹೋದೆವು. ವಾದಿ ರಮ್ ಎಂದರೆ ಮರಳಿನ ನಡುವೆ ಎದ್ದು ನಿಂತ ಬಂಡೆ ಬೆಟ್ಟಗಳು, ಅವುಗಳ ಸಂದಿಯ ಕಿರಿದಾದ ಕಣಿವೆಗಳು. 74,000 ಹೆಕ್ಟೇರಿನ ಈ ಸಂರಕ್ಷಿತ ಪ್ರದೇಶ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಬಸ್ಸನ್ನು ಹೊರಗೇ ಬಿಟ್ಟೆವು. ಒಳಗೆ ಕರೆದೊಯ್ದದ್ದು ರಮ್ ಹಳ್ಳಿಯ ಝಲಾಬಿಯ ಪಂಗಡದವರ ಪಿಕಪ್ ಜೀಪುಗಳು. ಇಲ್ಲಿ ಜೀಪು, ಒಂಟೆ, ರಾತ್ರಿಯ ಡೇರೆ ಎಲ್ಲವೂ ಹೆಚ್ಚಾಗಿ ಸ್ಥಳೀಯ ಬದವಿಗಳ ಕೈಯಲ್ಲೇ ಇದೆ.

ಖಝಲಿ ಎಂಬ ಬೆಟ್ಟದ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದು ಹೋದೆವು. ಗೋಡೆಯ ಮೇಲೆ ಹಳೆಯ ಬರಹ, ಮನುಷ್ಯರ ಚಿತ್ರ, ಪಾದದ ಗುರುತುಗಳು. ವಾದಿ ರಮ್‌ನಲ್ಲಿ ಒಟ್ಟು 25,000 ಬಂಡೆಚಿತ್ರ, 20,000 ಬರಹ ಇವೆ ಎಂದು ಲೆಕ್ಕ. ಹಲವನ್ನು ‘ಸಮೂದಿ’ ಬರಹ ಎಂದು ಕರೆಯುತ್ತಾರೆ. ಅದು ವಿದ್ವಾಂಸರು ಲಿಪಿಗೆ ಇಟ್ಟ ಹೆಸರು. ಬರೆದವರೆಲ್ಲ ಸಮೂದರೆಂದು ಅರ್ಥವಲ್ಲ.

ರಾತ್ರಿ ಆಡಿನ ಕೂದಲಿನ ಕಪ್ಪು ಡೇರೆಯಲ್ಲಿ ಉಳಿದೆವು. ಮಳೆ ಬಂದರೆ ಆ ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತದಂತೆ. ನೇಯುವವರು ಹೆಂಗಸರು. ಮರಳಿನಲ್ಲಿ ಹೊಂಡ ತೋಡಿ, ಕೆಂಡದ ಮೇಲೆ ಮಾಂಸ ತರಕಾರಿ ಇಟ್ಟು, ಮುಚ್ಚಿ ಬೇಯಿಸುವ ‘ಝರ್ಬ್’ ಊಟ. ಹಜ್ಜುಮ್ಮ ಹೊಂಡದ ಬಳಿಯೇ ಕೂತು ನೋಡಿದರು. “ಎರ್ಚಿ ಬೆಂದದ್ದು ಒಳ್ಳೇದಾಗಿದೆ, ಮೆಣಸು ಮಾತ್ರ ಇಲ್ಲ” ಎಂದರು.

ಊಟಕ್ಕೆ ಮುಂಚೆ ಕಾಫಿ. ನಾವು ಕಿತಾಬಿನಲ್ಲಿ ಕಲಿತ ಹಾಗೆ ‘ಖಹ್ವ’ ಎಂದರೆ ಅವರು ‘ಗಹ್ವ’ ಎಂದು ನಗುತ್ತಿದ್ದರು. ಇಪ್ಪತ್ತು ವರ್ಷ ಅರಬಿ ಕಲಿಸಿದ ನಾವು ಆ ರಾತ್ರಿ ಮತ್ತೆ ವಿದ್ಯಾರ್ಥಿ! ಏಲಕ್ಕಿ ಹಾಕಿದ ಕಹಿ ಕಾಫಿ, ಹಿಡಿಯಿಲ್ಲದ ಸಣ್ಣ ಲೋಟ. ಮೊದಲು ಮನೆಯವರು ಕುಡಿದು ತೋರಿಸುತ್ತಾರೆ. ಒಂದನೇ ಲೋಟ ಅತಿಥಿಗೆ, ಎರಡನೆಯದು ಸಂತೋಷಕ್ಕೆ, ಮೂರನೆಯದು ಖಡ್ಗಕ್ಕೆ. ಅಂದರೆ ಇನ್ನು ನಿನ್ನ ರಕ್ಷಣೆ ನಮ್ಮ ಮೇಲೆ ಎಂದರ್ಥ. ಸಾಕಾದರೆ ಲೋಟವನ್ನು ಅಲುಗಿಸಿ ಕೊಡಬೇಕು. ಗೊತ್ತಿಲ್ಲದ ನಮ್ಮ ಹಾಜಿಯವರು ಮುಜುಗರದಿಂದ ಆರು ಲೋಟ ಕುಡಿದರು!

ಅತಿಥಿಯನ್ನು ಮೂರು ದಿನ ಏನೂ ಕೇಳದೆ ಸತ್ಕರಿಸುವುದು ಬದವಿಗಳ ಕ್ರಮ. ಅತಿಥಿ ಸತ್ಕಾರ ಮೂರು ದಿನ ಎಂದು ನಾವು ಹದೀಸಿನಲ್ಲಿ ಓದುತ್ತೇವೆ. ಓದಿದ್ದನ್ನು ಅಲ್ಲಿ ಮರಳಿನ ಮೇಲೆ ನೋಡಿದೆವು.

ಟಿಪ್ಸ್ ಲೆಕ್ಕ

ಹೊರಡುವ ಬೆಳಿಗ್ಗೆ ಗೈಡ್‌ಗೆ ಟಿಪ್ಸ್ ಕೊಡುವ ವಿಷಯದಲ್ಲಿ ಚರ್ಚೆ ಎದ್ದಿತು. “ಪ್ಯಾಕೇಜಲ್ಲಿ ಎಲ್ಲ ಸೇರಿದೆಯಲ್ಲ, ಮತ್ತೆ ಎಂತಕ್ಕೆ?” ಎಂದರು ಒಬ್ಬರು. “ಅವರಿಗೆ ದಿನಾ ಪ್ರವಾಸಿಗಳು ಬರ್ತಾರೆ, ನಮ್ಮದು ಕಷ್ಟದ ದುಡ್ಡು” ಎಂದರು ಇನ್ನೊಬ್ಬರು. ಕಾಟಿಪಳ್ಳದ ಹಾಜಿಯವರು ತಲೆಯ ಮುಂಡಾಸು ಬಿಚ್ಚಿ ಕಂಬಳಿಯ ಮೇಲೆ ಹಾಸಿ, ಮೊದಲು ತಾವೇ ಹತ್ತು ದಿನಾರ್ ಹಾಕಿ ಹೇಳಿದರು: “ನನ್ನ ಕೈ ಹಿಡಿದು ನಡೆಸಿದವರಿಗೆ ನಾವೂ ಎರಡು ಲಾಳ ಕೊಟ್ಟು ಕಳಿಸುವುದಾ?” ಆಮೇಲೆ ಯಾರೂ ಮಾತಾಡಲಿಲ್ಲ. ಮುಂಡಾಸು ಇಪ್ಪತ್ತಾರು ಮಂದಿಯ ಎದುರು ಸುತ್ತಿ ಬಂತು.

ಪೆಟ್ರಾ, ವಾದಿ ರಮ್‌ಗೆ ಹೋಗುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ‘ಎರಡು ಗಂಟೆ’ಯ ಪೆಟ್ರಾ ಒಪ್ಪಿಕೊಳ್ಳಬೇಡಿ, ಹೊರಡುವ ಮುಂಚೆಯೇ ಟೂರಿನವರಲ್ಲಿ ಮಾತಾಡಿ ಒಂದು ದಿನ ಇಡಿಸಿ. ಒಳ್ಳೆಯ ಶೂ, ನೀರು, ವಾದಿ ರಮ್‌ನ ರಾತ್ರಿಗೆ ಸ್ವೆಟರ್ ಬೇಕು. ಅಲ್ಲಿಯ ಊರಿನವರನ್ನೇ ಗೈಡಾಗಿ ಕೇಳಿ. ಆಕಾಶ ನೋಡಿ ಅವರು ‘ಇವತ್ತು ಕಣಿವೆ ಬೇಡ’ ಎಂದರೆ ಬೇಡ, ಹಣದ ಲೆಕ್ಕ ಹೇಳಿ ಒತ್ತಾಯಿಸಬಾರದು. ಅದ್-ದೈರ್‌ಗೆ 800ಕ್ಕೂ ಹೆಚ್ಚು ಮೆಟ್ಟಿಲು ಉಂಟು. ಭಾರದವರು ಕತ್ತೆಯ ಮೇಲೆ ಕೂತು ಆ ಪ್ರಾಣಿಯನ್ನು ದಣಿಸುವ ಬದಲು ಕೆಳಗೆ ಕೂತು ಅಲ್ಲಿಯವರ ಜೊತೆ ಒಂದು ಚಹಾ ಕುಡಿಯಿರಿ. ಕಟ್ಟಡದ ಬಗ್ಗೆ ಕೇಳಿದ ಮೇಲೆ ಅವರ ಮನೆ, ಮಕ್ಕಳ ಬಗ್ಗೆಯೂ ಒಂದು ಮಾತು ಕೇಳಿ.

ಊರಿಗೆ ಬಂದ ಮೇಲೆ ಹಾಜಿಯವರು ಒಮ್ಮೆ ಮದ್ರಸಕ್ಕೆ ಬಂದಿದ್ದರು. ಮಕ್ಕಳು ಪೆಟ್ರಾದ ಬಗ್ಗೆ ಕೇಳಿದರು. ಖಝ್ನೆಯ ಬಗ್ಗೆ ಹೇಳುತ್ತಾರೆ ಎಂದು ನಾವು ಕಾದಿದ್ದೆವು. ಅವರು ಹೇಳಿದ್ದು ಗೈಡ್‌ನ ಉಮ್ಮ ಕಿಟಕಿಯಿಂದ ನೋಡುತ್ತಿದ್ದ ಗುಹೆಯ ಬಗ್ಗೆ.